ಅಗಲ ಬೆನ್ನಿನ ಕುದುರೆ ಹತ್ತಿದರೆ ಸೊಂಟದ ಕೀಲು ನೋಯುವುದೇಕೆ?

ಪ್ರಶ್ನೆ: ಮೊದಲು ರೇಸಿನಿಂದ ಬಿಡಿಸಿ ತಂದ ಕುದುರೆ ಇತ್ತು. ಈಗ ತೋಟಕ್ಕೆ ಗಿಡ್ಡ, ದಪ್ಪ ಕುದುರೆ ತಂದಿದ್ದೇವೆ. ಅರ್ಧ ಗಂಟೆ ಕೂತರೆ ಸೊಂಟದ ಕೀಲು ಹಿಡಿದುಕೊಳ್ಳುತ್ತದೆ. ಇಳಿದ ಮೇಲೆ ನಾಲ್ಕು ಹೆಜ್ಜೆ ಕುಂಟಬೇಕು. ಅಭ್ಯಾಸ ಆದರೆ ಹೋಗುತ್ತಾ ಸರ್?

ಉತ್ತರ: ಚಿಕ್ಕಮಗಳೂರಿನಲ್ಲೂ ಕೇಳುತ್ತಾರೆ, ಹಾಸನದಲ್ಲೂ ಕೇಳುತ್ತಾರೆ. ಪ್ರಶ್ನೆಯ ಕೊನೆಯಲ್ಲಿ "ಅಭ್ಯಾಸ ಆದರೆ ಹೋಗುತ್ತಾ" ಅನ್ನುವುದು ಇದ್ದೇ ಇರುತ್ತದೆ. ಯಾರೋ ಅವರಿಗೆ ಮೊದಲೇ ಹಾಗೆ ಹೇಳಿರುತ್ತಾರೆ. ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ರೇಸಿನ ಥರೋಬ್ರೆಡ್‌ಗೆ ಪಕ್ಕೆ ಚಪ್ಪಟೆ. ಮಾರ್ವಾಡಿ ಕುದುರೆಯೂ ಹೆಚ್ಚುಕಮ್ಮಿ ಹಾಗೇ. ಗಿಡ್ಡ, ಗಟ್ಟಿ ತಟ್ಟುಗಳಿಗೆ ಪಕ್ಕೆಲುಬು ದುಂಡಗೆ ಹೊರಗೆ ಬಾಗಿರುತ್ತದೆ. ಅದರ ಮೇಲೆ ಕೂತರೆ ತೊಡೆ ಜಾಸ್ತಿ ಅಗಲವಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ತಪ್ಪು ಶುರುವಾಗುವುದು ಇದರ ಮುಂದೆ: "ದಿನಾ ಕಾಲು ಅಗಲಿಸಿ ಎಳೆದುಕೊಳ್ಳಿ, ಸೊಂಟ ಬಿಟ್ಟುಕೊಳ್ಳುತ್ತದೆ."

ಎಲ್ಲರಿಗೂ ಬಿಟ್ಟುಕೊಳ್ಳುವುದಿಲ್ಲ. ಸೊಂಟದ ಕೀಲು ಅಂದರೆ ಗುಳಿಯೊಳಗೆ ಕೂತ ಗುಂಡು. ತೊಡೆಮೂಳೆಯ ತಲೆ ಗುಂಡು, ಸೊಂಟದ ಮೂಳೆಯಲ್ಲಿ ಗುಳಿ, ಗುಂಡಿನ ಕೆಳಗೆ ಮೂಳೆಯ ಕತ್ತು. ಆ ಕತ್ತು ದೊಡ್ಡವರಲ್ಲಿ ತೊಡೆಮೂಳೆಯ ಉದ್ದ ಭಾಗಕ್ಕೆ ಸರಾಸರಿ 125 ಡಿಗ್ರಿ ಕೋನದಲ್ಲಿ ಇರುತ್ತದೆ, ಸುಮಾರು 15 ಡಿಗ್ರಿ ಮುಂದಕ್ಕೆ ತಿರುಗಿರುತ್ತದೆ. ಸರಾಸರಿ ಅಂದೆ. ಒಬ್ಬೊಬ್ಬರಿಗೆ ಒಂದೊಂದು. ಗುಳಿಯ ಆಳವೂ ಒಬ್ಬೊಬ್ಬರಿಗೆ ಬೇರೆ. ಇಪ್ಪತ್ತರ ಹೊತ್ತಿಗೆ ಈ ಮೂಳೆಗಳ ಬೆಳವಣಿಗೆ ಮುಗಿದಿರುತ್ತದೆ. ಆಮೇಲೆ ಎಷ್ಟು ಎಳೆದರೂ ಅವುಗಳ ಆಕಾರ ಬದಲಾಗುವುದಿಲ್ಲ. ಸ್ನಾಯು ಉದ್ದವಾಗಬಹುದು, ಮೂಳೆ ಮೂಳೆಗೆ ತಾಗುವ ಜಾಗ ಹಿಂದೆ ಸರಿಯುವುದಿಲ್ಲ. ಬಾಗಿಲು ಗೋಡೆಗೆ ತಾಗಿದ ಮೇಲೂ ತಳ್ಳುತ್ತಾ ಇದ್ದರೆ ಕಿತ್ತುಬರುವುದು ತಿರುಗಣೆಯೇ.

ಕತ್ತು ಗುಳಿಯ ಅಂಚಿಗೆ ಮತ್ತೆ ಮತ್ತೆ ತಾಗಿದರೆ ಮುಂದೆ ಕೀಲು ಸವೆಯಬಹುದು ಎಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು 2003ರಲ್ಲಿ ವಿವರವಾಗಿ ಬರೆದರು. ಗುಳಿಯ ಅಂಚಿನಲ್ಲಿ ಲೇಬ್ರಮ್ ಎಂಬ ಮೆತ್ತನೆಯ ಪಟ್ಟಿ ಇದೆ, ಅದು ಹರಿಯುವುದೂ ಉಂಟು. ಎಕ್ಸ್‌ರೇಯಲ್ಲಿ ಆ ಪಟ್ಟಿ ಕಾಣುವುದಿಲ್ಲ. "ಎಕ್ಸ್‌ರೇ ಸರಿಯಾಗಿದೆ, ಹಾಗಾದರೆ ಅಭ್ಯಾಸದ ಕೊರತೆ" ಅಂತ ಸುಮ್ನೆ ತೀರ್ಮಾನ ಮಾಡಬೇಡಿ.

"ನಾವು ನೆಲದ ಮೇಲೆ ಕೂತು ಉಂಡು ಬೆಳೆದವರು, ನಮಗೆ ಸೊಂಟ ಸಲೀಸು" ಅನ್ನುವವರೂ ಇದ್ದಾರೆ. ಇದಕ್ಕೂ ಉತ್ತರ ಇದೆ. ಚಕ್ಕಳಮಕ್ಕಳ ಹಾಕಿದಾಗ ತೊಡೆ ಮೇಲಕ್ಕೆ ಮಡಚಿರುತ್ತದೆ. ಆಗ ಕೀಲಿನ ಮುಂದಿನ ಗಟ್ಟಿ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿಹಿಡಿಯುವ ಪಟ್ಟಿ) ಸಡಿಲವಾಗಿ ಕಾಲು ಹೊರಕ್ಕೆ ಸುಲಭವಾಗಿ ತಿರುಗುತ್ತದೆ. ಕುದುರೆ ಮೇಲೆ ಕಾಲು ಕೆಳಗೆ ಜೋತುಬಿದ್ದಿರುತ್ತದೆ. ತೊಡೆ ನೇರವಾದಷ್ಟೂ ಅದೇ ಲಿಗಮೆಂಟ್ ಬಿಗಿಯುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಆರಾಮಾಗಿ ಕೂರುವವರು ದಪ್ಪ ಕುದುರೆ ಮೇಲೆ ನರಳುವುದು ಇದಕ್ಕೇ.

ನಿಮ್ಮದು ಯಾವ ನೋವು ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ತೊಡೆಯ ಒಳಭಾಗ, ಎರಡೂ ಕಡೆ, ಮಾರನೇ ದಿನ ಜಾಸ್ತಿ, ಎರಡು ಮೂರು ದಿನದಲ್ಲಿ ಮಾಯ: ಇದು ಸ್ನಾಯು ನೋವು. ಇದಕ್ಕೆ ಅಭ್ಯಾಸ ಮದ್ದು, ಒಪ್ಪುತ್ತೇನೆ. ತೊಡೆಸಂದಿನಲ್ಲಿ ಚುಚ್ಚಿದ ಹಾಗೆ ಆಗಿ, ಎಲ್ಲಿ ಅಂತ ಕೇಳಿದರೆ ನೀವು ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಪಕ್ಕವನ್ನು ಹಿಡಿದು ತೋರಿಸುತ್ತೀರಿ ಅಂದರೆ ಕೀಲನ್ನೇ ಸಂಶಯಿಸಬೇಕು. ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ಜೋಡಿಸಿ, ಮಂಡಿಗಳನ್ನು ಪಕ್ಕಕ್ಕೆ ಬಿಡಿ. ಎಳೆತದಿಂದ ಮೆತ್ತಗೆ ನಿಲ್ಲುತ್ತಾ, ಥಟ್ಟನೆ ಗಟ್ಟಿಯಾಗಿ ನಿಲ್ಲುತ್ತಾ ನೋಡಿ. ಗಟ್ಟಿಯಾಗಿ ನಿಂತರೆ, ಒಂದು ಕಡೆ ಮಾತ್ರ ನಿಂತರೆ, ರಾತ್ರಿ ನೋವು ಎಬ್ಬಿಸಿದರೆ, ಕುಂಟುವುದು ಎರಡು ವಾರ ದಾಟಿದರೆ, ಮೂಳೆ ವೈದ್ಯರ ಹತ್ತಿರ ಹೋಗಿ. ಎಣ್ಣೆ ತಿಕ್ಕುತ್ತಾ ಕೂರಬೇಡಿ.

ಇನ್ನು ಜೀನು. ನಿಮ್ಮ ತೊಡೆಗೆ ಸಿಗುವುದು ಕುದುರೆಯ ಹೊಟ್ಟೆಯ ಅಗಲವಷ್ಟೇ ಅಲ್ಲ, ಜೀನಿನ ನಡುವಿನ ಅಗಲ. ಕುದುರೆಯ ಭುಜಕ್ಕೆ ಅಗಲ ಚೌಕಟ್ಟು ಬೇಕೇ ಬೇಕು, ಆದರೆ ನೀವು ಕೂರುವ ನಡುಭಾಗ ಕಿರಿದಾಗಿರುವ ಜೀನು ಸಿಗುತ್ತದೆ. ಕೊಳ್ಳುವ ಮೊದಲು ಕೂತು ನೋಡಿ. ಕೆಳಗೆ ಒಂದರ ಮೇಲೊಂದು ದಪ್ಪ ಪ್ಯಾಡ್ ಹಾಕಿದರೆ ಅಗಲ ಇನ್ನೂ ಏರುತ್ತದೆ, ಒಂದು ಸಾಕು. ಸ್ಟಿರಪ್ (ಪಾದ ಇಡುವ ಬಳೆ) ಒಂದೆರಡು ತೂತು ಮೇಲಕ್ಕೆ ಕಟ್ಟಿ, ತೊಡೆ ಸ್ವಲ್ಪ ಮಡಚಿದರೆ ಬಹಳಷ್ಟು ಜನರಿಗೆ ಹಗುರಾಗುತ್ತದೆ. ಮಡಚಿದಾಗಲೇ ಮುಂದೆ ಚುಚ್ಚುವವರು ಮಾತ್ರ ಹಾಗೆ ಮಾಡಬೇಡಿ. ತೊಡೆಯಿಂದ ಅವುಚಿ ಹಿಡಿಯುವುದನ್ನು ಬಿಡಿ. ಎಳೆದ ಸ್ನಾಯುವನ್ನೇ ಬಿಗಿದರೆ ನೋವು ಎರಡರಷ್ಟು. ಕಟ್ಟೆಯ ಮೇಲೆ ನಿಂತು ಹತ್ತಿ, ಮೊದಲ ಹದಿನೈದು ನಿಮಿಷ ನಡಿಗೆಯಲ್ಲೇ ಇರಿ.

ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ. ನಿಮ್ಮ ಕುದುರೆ ಹುಟ್ಟಿನಿಂದ ಅಗಲವೋ, ತಿಂದು ಅಗಲವೋ? ನಮ್ಮ ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕುದುರೆ ಕೊಟ್ಟಿಗೆಯಲ್ಲೇ ನಿಂತಿರುತ್ತದೆ, ಹುರುಳಿ ಮತ್ತು ತೌಡು ಮಾತ್ರ ಕೆಲಸದ ದಿನದಷ್ಟೇ ಬೀಳುತ್ತಿರುತ್ತದೆ. ಪಕ್ಕೆಯ ಮೇಲೆ ಕೈ ಆಡಿಸಿ. ಕಣ್ಣಿಗೆ ಕಾಣದೆ, ಬೆರಳಿಗೆ ಸಲೀಸಾಗಿ ಸಿಕ್ಕಿದರೆ ಸರಿ. 1983ರಲ್ಲಿ ಅಮೆರಿಕದಲ್ಲಿ ಡಾನ್ ಹೆನೆಕೆ ಮಾಡಿದ, ಕುದುರೆಯ ಮೈಕೊಬ್ಬು ಅಳೆಯುವ 1ರಿಂದ 9ರ ಅಳತೆಯಲ್ಲಿ ಅದು 5. ಒತ್ತಿ ಹುಡುಕಬೇಕಾದರೆ ಬೊಜ್ಜು ಬಂದಿದೆ. ಕತ್ತಿನ ಮೇಲ್ಭಾಗ ಗಟ್ಟಿಯಾಗಿ ಉಬ್ಬಿದ್ದರೆ ಗೊರಸಿನ ಉರಿಯೂತ ಬರುವ ಅಪಾಯವೂ ಇದೆ. ಅದು ನಿಮ್ಮ ಸೊಂಟ ನೋವಿಗಿಂತ ದೊಡ್ಡ ಸಂಕಟ, ಕುದುರೆ ನಿಲ್ಲುವುದಕ್ಕೇ ಆಗುವುದಿಲ್ಲ.

ಹಾಗಂತ ಉಪವಾಸ ಹಾಕಬೇಡಿ. ಮೈತೂಕದ ಶೇಕಡಾ 1.5ರಷ್ಟು ಒಣಹುಲ್ಲು ದಿನಾ ಬೇಕು, 350 ಕೆಜಿಯ ಕುದುರೆಗೆ ಐದು ಕೆಜಿಗೆ ಸ್ವಲ್ಪ ಮೇಲೆ. ಕಡಿಮೆ ಮಾಡಬೇಕಾದ್ದು ಹುರುಳಿ ಮತ್ತು ತೌಡನ್ನು. ತೌಡಿನಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಅದನ್ನೇ ನೆಚ್ಚಿಕೊಂಡರೆ ಮುಖದ ಮೂಳೆ ಊದಿಕೊಳ್ಳುವ ಕಾಯಿಲೆ ಬರುತ್ತದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಕೇಳಲು ಸಂಕೋಚ ಬೇಡ. ಕುದುರೆಯ ತೂಕ ಇಳಿದ ಮೇಲೆ ಜೀನಿನ ಅಳತೆಯನ್ನು ಮತ್ತೆ ನೋಡಿಸಿ. ದಪ್ಪಗಿದ್ದಾಗ ಹೊಂದಿದ ಅಗಲದ ಜೀನು ಸಣ್ಣಗಾದ ಕುದುರೆಯ ಮೇಲೆ ಮುಂದಕ್ಕೆ ಕುಸಿದು ಹೆಗಲೇಣನ್ನು ಒತ್ತುತ್ತದೆ.