ಎಲ್‌ಇಡಿ ಬಲ್ಬ್ ಒಳಗೆ ನಿಜವಾಗಿ ಕೆಡುವುದು ಏನು?

ಕೆಟ್ಟುಹೋದ ಎಲ್‌ಇಡಿ ಬಲ್ಬನ್ನು ಹೋಲ್ಡರ್‌ನಿಂದ ತೆಗೆದು, ಅದರ ಬಿಳಿ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ನೋಡಿ. ಒಳಗೆ ಒಂದು ದುಂಡನೆಯ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಹಳದಿ ಬಣ್ಣದ ಪುಟ್ಟ ಪುಟ್ಟ ಚೌಕಗಳು. ಎಷ್ಟೋ ಸಲ ಅವುಗಳಲ್ಲಿ ಒಂದರ ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ಸುಟ್ಟಿರುವುದು ಅದೊಂದೇ. ಆದರೆ ಎಲ್ಲವನ್ನೂ ಸೀರೀಸ್‌ನಲ್ಲಿ ಜೋಡಿಸಿರುತ್ತಾರಲ್ವಾ, ಒಂದು ಹೋದರೆ ಕರೆಂಟಿನ ದಾರಿಯೇ ಮುಚ್ಚುತ್ತದೆ, ಹಾಗಾಗಿ ಉಳಿದವು ಚೆನ್ನಾಗಿದ್ದರೂ ಬಲ್ಬ್ ಸೀದಾ ಕಸದ ಬುಟ್ಟಿಗೆ ಹೋಗುತ್ತದೆ.

ನನಗೆ ಇದು ಬೇಜಾರಿನ ವಿಷಯ. ಯಾಕೆಂದರೆ ಆ ಪುಟ್ಟ ಚೌಕವನ್ನು ಮಾಡಲು ಪಟ್ಟ ಪಾಡು ಅಷ್ಟಿಷ್ಟಲ್ಲ.

ಹಳದಿಯಾಗಿ ಕಂಡರೂ ಅದರೊಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್. ಮೇಲಿರುವ ಹಳದಿ ಲೇಪ ಆ ನೀಲಿಯಲ್ಲಿ ಒಂದಷ್ಟನ್ನು ಹೀರಿ ಹಳದಿಯಾಗಿ ಹೊರಬಿಡುತ್ತದೆ, ಉಳಿದ ನೀಲಿ ಹಾಗೇ ಹೊರಬರುತ್ತದೆ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಮನೆ ಬೆಳಗುವಷ್ಟು ಪ್ರಖರವಾದ ನೀಲಿಗೆ ಮಾತ್ರ ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು.

ತೊಂದರೆ ಇದ್ದದ್ದು ನೀಲಿ ಬೆಳಕು ಕೊಡಬಲ್ಲ ಗ್ಯಾಲಿಯಂ ನೈಟ್ರೈಡ್ ಎಂಬ ಹರಳಿನಲ್ಲಿ. ಇದನ್ನು ನೀಲಮಣಿಯ ತೆಳು ಬಿಲ್ಲೆಯ ಮೇಲೆ ಬೆಳೆಸಬೇಕು. ಆದರೆ ಎರಡರ ಪರಮಾಣುಗಳ ಜೋಡಣೆ ಒಂದಕ್ಕೊಂದು ಹೊಂದುವುದಿಲ್ಲ, ಹೆಚ್ಚುಕಡಿಮೆ ಶೇ. 16ರಷ್ಟು ವ್ಯತ್ಯಾಸ. ಬೆಳೆದ ಹರಳಿನ ತುಂಬ ಬಿರುಕು. ಹಾಗಾಗಿ ಹೆಚ್ಚಿನವರು ಇದರ ಸಹವಾಸವೇ ಬೇಡ ಎಂದು ಜಿಂಕ್ ಸೆಲೆನೈಡ್ ಎಂಬ ಇನ್ನೊಂದು ವಸ್ತುವಿನ ಕಡೆ ಹೊರಟರು. ಪಟ್ಟು ಬಿಡದವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೊ. ನಡುವೆ ಅಲ್ಯೂಮಿನಿಯಂ ನೈಟ್ರೈಡ್‌ನ ತೆಳು ಪದರ ಹಾಕಿ 1986ರಲ್ಲಿ ಒಳ್ಳೆಯ ಹರಳು ಬೆಳೆಸಿದರು.

ಅದೇ ಹೊತ್ತಿಗೆ ಜಪಾನಿನದೇ ಶಿಕೊಕು ದ್ವೀಪದ ಅನಾನ್ ಎಂಬ ಊರಿನಲ್ಲಿ, ನಿಚಿಯಾ ಎಂಬ ರಾಸಾಯನಿಕ ಕಂಪನಿಯಲ್ಲಿ ಶುಜಿ ನಕಮುರಾ ಕೆಲಸ ಮಾಡುತ್ತಿದ್ದರು. ಅವರ ಸಮಸ್ಯೆ ಬೇರೆ. ಹರಳು ಬೆಳೆಸುವ ಬಿಲ್ಲೆಯನ್ನು ಸುಮಾರು 1000 ಡಿಗ್ರಿವರೆಗೆ ಕಾಯಿಸಿ ಅದರ ಮೇಲೆ ಅನಿಲ ಹರಿಸಬೇಕು, ಆದರೆ ಆ ಕಾವಿಗೆ ಅನಿಲ ಮೇಲಕ್ಕೇ ಎದ್ದು ಹೋಗುತ್ತದೆ, ಬಿಲ್ಲೆಯ ಮೇಲೆ ಕೂರುವುದೇ ಇಲ್ಲ. ನಕಮುರಾ ಯಂತ್ರದ ಕೊಳವೆಗಳನ್ನು ತಾವೇ ಬಿಚ್ಚಿ ಜೋಡಿಸಿ, ಮೇಲಿನಿಂದ ಇನ್ನೊಂದು ಅನಿಲದ ಹರಿವು ಬಿಟ್ಟು, ಮೊದಲನೆಯದನ್ನು ಕೆಳಕ್ಕೆ ಒತ್ತಿ ಹಿಡಿದರು. ಹರಳು ನೀಟಾಗಿ ಬೆಳೆಯಿತು! ಈ ಉಪಾಯ ನನಗೆ ತುಂಬ ಇಷ್ಟ. ದೊಡ್ಡ ಸಿದ್ಧಾಂತ ಏನಿಲ್ಲ, ಕೈಯಲ್ಲಿ ಸ್ಪ್ಯಾನರ್ ಹಿಡಿದವನ ಬುದ್ಧಿ.

ಇನ್ನೊಂದು ತೊಡಕಿತ್ತು. ಬೆಳಕು ಬರಬೇಕಾದರೆ ಹರಳಿನ ಒಂದು ಪದರದಲ್ಲಿ ಎಲೆಕ್ಟ್ರಾನ್‌ಗಳ ಕೊರತೆ ಇರಬೇಕು. ಅದಕ್ಕೆಂದು ಮೆಗ್ನೀಸಿಯಂ ಬೆರೆಸಿದರೂ ಅದು ಕೆಲಸ ಮಾಡುತ್ತಿರಲಿಲ್ಲ. ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಮಾಡುತ್ತದೆ ಎಂದು 1989ರಲ್ಲಿ ತೋರಿಸಿದ್ದು ಅಕಸಾಕಿ ತಂಡ. ಯಾಕೆ ಅನ್ನುವುದನ್ನು ಬಿಡಿಸಿದ್ದು ನಕಮುರಾ: ಹರಳು ಬೆಳೆಸಲು ಹರಿಸುವ ಅಮೋನಿಯಾ ಅನಿಲದಿಂದ ಬಂದ ಹೈಡ್ರೋಜನ್ ಹೋಗಿ ಮೆಗ್ನೀಸಿಯಂಗೆ ಅಂಟಿಕೊಂಡು ಅದರ ಕೈ ಕಟ್ಟಿಹಾಕುತ್ತಿತ್ತು. ನೈಟ್ರೋಜನ್‌ನಲ್ಲಿ ಸುಮ್ನೆ ಕಾಯಿಸಿದರೆ ಸಾಕು, ಹೈಡ್ರೋಜನ್ ಬಿಟ್ಟು ಹೋಗುತ್ತದೆ. ಸಾವಿರಗಟ್ಟಲೆ ಚಿಪ್‌ಗಳನ್ನು ಕಾರ್ಖಾನೆಯಲ್ಲಿ ಮಾಡಲು ದಾರಿ ತೆರೆದದ್ದು ಹೀಗೆ. 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಬಂತು, 1996ರಲ್ಲಿ ನಿಚಿಯಾದಿಂದ ಬಿಳಿ. 2014ರಲ್ಲಿ ಮೂವರಿಗೂ ನೊಬೆಲ್.

ಈಗ ಬಲ್ಬಿಗೆ ಬರೋಣ. ಹಳೆಯ 60 ವ್ಯಾಟ್ ಬಲ್ಬ್ ಕೊಡುತ್ತಿದ್ದದ್ದು ಸುಮಾರು 800 ಲುಮೆನ್ ಬೆಳಕು. ಅಷ್ಟನ್ನೇ ಒಂದು 9 ವ್ಯಾಟ್ ಎಲ್‌ಇಡಿ ಕೊಡುತ್ತದೆ. ಆದರೆ ಬಿಸಿ ಇದಕ್ಕೂ ತಪ್ಪಿಲ್ಲ. ಹಳೆಯ ಬಲ್ಬಿನ ತಂತಿ ತನ್ನ ಬಿಸಿಯಲ್ಲಿ ಹೆಚ್ಚಿನ ಪಾಲನ್ನು ಕಾಣದ ಕಿರಣವಾಗಿ ಹೊರಗೆ ಚೆಲ್ಲುತ್ತಿತ್ತು, ಮತ್ತು ಆ ತಂತಿಗೆ ಬಿಸಿಯೇ ಬೇಕಿತ್ತು. ಎಲ್‌ಇಡಿ ಚಿಪ್‌ಗೆ ಬಿಸಿ ಆಗಿಬರುವುದಿಲ್ಲ, ಅದನ್ನು ಹಿಂದಿನಿಂದ ಲೋಹದ ಮೂಲಕವೇ ಎಳೆದು ಹೊರಗೆ ಹಾಕಬೇಕು. ಆ ಅಲ್ಯೂಮಿನಿಯಂ ತಟ್ಟೆ ಇರುವುದು ಅದಕ್ಕೇ.

ತಟ್ಟೆಯ ಕೆಳಗೆ ಡ್ರೈವರ್ ಇದೆ. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಚಿಪ್‌ಗೆ ಬೇಕಾದ ಡಿಸಿಯಾಗಿ ಮಾಡುವ ಪುಟ್ಟ ಬೋರ್ಡ್. ಅದರ ಮೇಲಿರುವ, ಕರೆಂಟಿನ ಏರಿಳಿತವನ್ನು ಸಮ ಮಾಡುವ ಕೆಪಾಸಿಟರ್ ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತಾ ಬರುತ್ತದೆ. 10 ಡಿಗ್ರಿ ಬಿಸಿ ಜಾಸ್ತಿಯಾದರೆ ಅದರ ಆಯಸ್ಸು ಅರ್ಧ, ಇದು ಎಲೆಕ್ಟ್ರಾನಿಕ್ಸ್‌ನವರ ಅಂದಾಜಿನ ಲೆಕ್ಕ. ಬಲ್ಬ್ ಮಿಣಮಿಣ ಮಿನುಗಲು ಶುರುವಾದರೆ ಎಷ್ಟೋ ಸಲ ಕಾರಣ ಇದೇ.

ನಮ್ಮಲ್ಲಿ 2015ರಿಂದ ಉಜಾಲಾ ಯೋಜನೆ, ಕರ್ನಾಟಕದಲ್ಲಿ ಅದು 'ಹೊಸ ಬೆಳಕು', ಮನೆ ಮನೆಗೆ ಎಲ್‌ಇಡಿ ತಲುಪಿಸಿತು. ಸರ್ಕಾರ ಸಗಟಾಗಿ ಕೊಳ್ಳುವ ದರ 2014ರಲ್ಲಿ ಬಲ್ಬಿಗೆ 310 ರೂಪಾಯಿ ಇದ್ದದ್ದು 2016ರಲ್ಲಿ 38ಕ್ಕೆ ಇಳಿಯಿತು. ಬಡವರ ಮನೆಯ ಕರೆಂಟ್ ಬಿಲ್ ಇಳಿದದ್ದು ನಿಜಕ್ಕೂ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ತೀರಾ ಅಗ್ಗದ ಬಲ್ಬುಗಳಲ್ಲಿ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಕಡೆಗೆ. ಅಲ್ಯೂಮಿನಿಯಂ ತೆಳ್ಳಗಾಗುತ್ತದೆ. ಹತ್ತು ಚಿಪ್ ಹಾಕುವ ಕಡೆ ಆರೇಳು ಹಾಕಿ, ಒಂದೊಂದರಲ್ಲೂ ಜಾಸ್ತಿ ಕರೆಂಟ್ ಹರಿಸುತ್ತಾರೆ. ಹೊಸದರಲ್ಲಿ ಬೆಳಕೇನೋ ಜೋರಾಗಿಯೇ ಇರುತ್ತದೆ. ಕೆಲವು ತಿಂಗಳಲ್ಲೇ ಕಪ್ಪು ಚುಕ್ಕೆ.

ಹಾಗಾಗಿ ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ, ಡಬ್ಬದ ಮೇಲಿನ ಲುಮೆನ್ ಅನ್ನು ವ್ಯಾಟ್‌ನಿಂದ ಭಾಗಿಸಿ. 100ರ ಆಚೆ ಇದ್ದರೆ ಒಳ್ಳೆಯದು, ಅಷ್ಟೇ ಬೆಳಕಿಗೆ ಬಿಸಿ ಕಡಿಮೆ. ಕೈಯಲ್ಲಿ ಹಿಡಿದು ತೂಕ ನೋಡುವುದೂ ತಪ್ಪಲ್ಲ, ಭಾರವಿದ್ದರೆ ಒಳಗೆ ಅಲ್ಯೂಮಿನಿಯಂ ಹೆಚ್ಚಿರಬಹುದು. ಗಾಳಿಯಾಡದ ಮುಚ್ಚಿದ ಗಾಜಿನ ಡೂಮಿನೊಳಗೆ ಮಾತ್ರ ಹಾಕಬೇಡಿ, ಎಂಥ ಒಳ್ಳೆಯ ಬಲ್ಬೂ ಅಲ್ಲಿ ಬೇಗ ಬೇಯುತ್ತದೆ. ಫಾಲ್ಸ್ ಸೀಲಿಂಗಿಗೆ ಹಾಕಿಸುವುದಾದರೆ ಡ್ರೈವರ್ ಬೇರೆಯಾಗಿ ಬರುವ ಪ್ಯಾನೆಲ್ ಲೈಟ್ ಕೇಳಿ. ಅದರಲ್ಲಿ ಡ್ರೈವರ್ ಹೋದರೆ ಅದೊಂದನ್ನೇ ಬದಲಿಸಿದರಾಯಿತು, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ.