ಸ್ಟಿಲೆಟೊ: ನೆಲಕ್ಕೆ ಸಿಕ್ಕ ನಿಯಮ ಕಾಲಿಗೆ ಸಿಗಲು ಯಾಕಿಷ್ಟು ತಡ?

ಕೆಲಸದ ಜಾಗದಲ್ಲಿ ಹೆಂಗಸರು ಹೈ ಹೀಲ್ಸ್ ಹಾಕಲೇಬೇಕಾ? ಈ ಜಗಳ ಒಂದು ದೇಶದಲ್ಲಿ ತಣ್ಣಗಾದರೆ ಇನ್ನೊಂದರಲ್ಲಿ ಶುರುವಾಗುತ್ತದೆ. ಎಲ್ಲದರ ನಡುವೆ ಇರುವುದು ಸ್ಟಿಲೆಟೊ, ಅಂದರೆ ಕಡ್ಡಿಯಂಥ ತೆಳ್ಳನೆಯ ಎತ್ತರದ ಹೀಲ್.

ಮೊದಲು ಆ ಹೆಸರು ಇಟಲಿಯ ಒಂದು ಕಠಾರಿಯದು. ಕೊಯ್ಯುವುದಕ್ಕಲ್ಲ, ಚುಚ್ಚುವುದಕ್ಕೆ. ಯೋಧರ ಕವಚದ ಸಂದಿಯಲ್ಲಿ ನುಗ್ಗಲೆಂದೇ ಅಷ್ಟು ತೆಳ್ಳಗಿತ್ತು. ಮುಂದೆ ಫಿರಂಗಿ ಹಾರಿಸುವವರು ಅದರ ಮೇಲೆ ಗೆರೆ ಕೊರೆಸಿ ಗುಂಡಿನ ಅಳತೆ ನೋಡಿದರು. ಕಸೂತಿಯವರು ಬಟ್ಟೆಗೆ ತೂತು ಹಾಕುವ ಮೊನೆಗೂ ಅದೇ ಹೆಸರು ಬಂತು. ಶತಮಾನಗಳು ಹೀಗೇ ಕಳೆದವು.

ಹೆಸರು ಶೂಗೆ ಅಂಟಿದ್ದು 1950ರ ದಶಕದಲ್ಲಿ. ಪ್ಯಾರಿಸ್‌ನಲ್ಲಿ ರೋಜರ್ ವಿವಿಯೆ, ಇಟಲಿಯಲ್ಲಿ ಸಾಲ್ವತೋರೆ ಫೆರಗಾಮೊ ಮೊದಲಾದ ಶೂ ವಿನ್ಯಾಸಕರು ಹೀಲ್ ತೆಳ್ಳಗೆ ಮಾಡುತ್ತಾ ಹೋದರು. ಬರೀ ಮರದ್ದಾದರೆ ಅಷ್ಟು ತೆಳುವಾದ ಹೀಲ್ ಲಟಕ್ಕನೆ ಮುರಿಯುತ್ತದೆ. ಹಾಗಾಗಿ ಒಳಗೆ ಲೋಹದ ಸರಳು ಬಂತು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಈ ಸರಳು ಇಲ್ಲದಿದ್ದರೆ ಸ್ಟಿಲೆಟೊ ಹೀಲ್ ನಿಲ್ಲುತ್ತಲೇ ಇರಲಿಲ್ಲ.

ತೊಂದರೆಯೂ ಅಲ್ಲಿಂದಲೇ ಹುಟ್ಟಿತು. ಹೀಲ್‌ನ ತುದಿ ಸುಮಾರು 1 ಚದರ ಸೆಂಟಿಮೀಟರ್. 50 ಕೆಜಿ ತೂಕದವರು ಹೆಜ್ಜೆ ಊರಿದಾಗ ಬಹುಪಾಲು ಭಾರ ಒಂದು ಕ್ಷಣ ಆ ಚುಕ್ಕೆಯ ಮೇಲೇ ಬೀಳುತ್ತದೆ. ಆನೆಯ ಪಾದದ ಅಡಿ ಬೀಳುವ ಒತ್ತಡಕ್ಕಿಂತ ಇದು ಎಷ್ಟೋ ಜಾಸ್ತಿ. ಮರದ ನೆಲ, ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆ ಎಲ್ಲ ಗುಳಿ ಬಿದ್ದವು. ಕಟ್ಟಡಗಳಲ್ಲಿ ಸ್ಟಿಲೆಟೊಗೆ ನಿಷೇಧ ಬಂತು. 2009ರಲ್ಲಿ ಗ್ರೀಸ್ ಕೂಡ ತನ್ನ ಪುರಾತನ ಸ್ಮಾರಕಗಳ ಕಲ್ಲು ಉಳಿಸಿಕೊಳ್ಳಲು ಹೈ ಹೀಲ್ಸ್ ಬೇಡ ಎಂದಿತು.

ನೆಲದ ನೋವು ಬೇಗ ಅರ್ಥವಾಯಿತು, ಅಲ್ವಾ? ಕಾಲಿನದ್ದು ಹಾಗಾಗಲಿಲ್ಲ. ಹೀಲ್ ಎತ್ತರವಾದಷ್ಟೂ ಭಾರ ಮುಂಗಾಲಿಗೆ ಜಾರುತ್ತದೆ. ಬೆರಳುಗಳು ಚೂಪು ಮೂತಿಯೊಳಗೆ ಒತ್ತಿಕೊಳ್ಳುತ್ತವೆ. ವರ್ಷಗಟ್ಟಲೆ ದಿನಾ ಹಾಕಿದರೆ ಮೀನಖಂಡದ ಸ್ನಾಯು ಗಿಡ್ಡವಾಗುತ್ತದೆ. ಇಷ್ಟಪಟ್ಟು ಹಾಕಿಕೊಳ್ಳುವವರ ಮಾತು ಬೇರೆ. ಎಂಟು ಗಂಟೆ ನಿಂತು ದುಡಿಯುವವರಿಗೆ ಇದನ್ನೇ ಸಮವಸ್ತ್ರ ಮಾಡುವುದು ಸರಿಯೇ?

2015ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಚಪ್ಪಟೆ ಶೂ ಹಾಕಿ ಬಂದ ರಿಸೆಪ್ಷನಿಸ್ಟ್ ಒಬ್ಬರನ್ನು ಸಂಬಳವಿಲ್ಲದೆ ಮನೆಗೆ ಕಳಿಸಿದರು. ಹೀಲ್ಸ್ ಕಡ್ಡಾಯ ಬೇಡ ಎಂಬ ಅವರ ಮನವಿಗೆ 2016ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಸಂಸತ್ತಿನಲ್ಲಿ ಚರ್ಚೆಯಾಯಿತು, ಕಾನೂನು ಮಾತ್ರ ಬದಲಾಗಲಿಲ್ಲ. 2017ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಮತ್ತು ಫಿಲಿಪ್ಪೀನ್ಸ್ ಈ ಬಲವಂತ ನಿಲ್ಲಿಸಿದವು. 2019ರಲ್ಲಿ ಜಪಾನಿನ ಹೆಂಗಸರು ಇದೇ ಬೇಡಿಕೆ ಎತ್ತಿದರು. ಮರುವರ್ಷ ಜಪಾನ್ ಏರ್‌ಲೈನ್ಸ್ ತನ್ನ ಗಗನಸಖಿಯರಿಗೆ ಹೀಲ್ಸ್ ಕಡ್ಡಾಯವಲ್ಲ ಎಂದಿತು.