ದಾಖಲೆ ಸಿಕ್ಕಿತು, ಪಂದ್ಯ ಹೋಯಿತು

2025ರ ಏಪ್ರಿಲ್ 6ರಂದು ನ್ಯೂಯಾರ್ಕ್ ಪಕ್ಕದ ಎಲ್ಮಾಂಟ್‌ನಲ್ಲಿ ಒಂದು ಐಸ್ ಹಾಕಿ ಪಂದ್ಯ ಅರ್ಧದಲ್ಲೇ ನಿಂತಿತು. ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಅಲೆಕ್ಸ್ ಒವೆಚ್ಕಿನ್ ಗೋಲು ಹೊಡೆದಿದ್ದರು. ಹೊಡೆದವರೇ ಮಂಜುಗಡ್ಡೆಯ ಮೇಲೆ ಬೋರಲು ಬಿದ್ದು, ಚಿಕ್ಕ ಮಕ್ಕಳ ಹಾಗೆ ಹೊಟ್ಟೆಯ ಮೇಲೆ ಜಾರಿಕೊಂಡು ಹೋದರು. ತಂಡದವರೆಲ್ಲ ಬೆಂಚು ಬಿಟ್ಟು ನುಗ್ಗಿ ಬಂದರು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ, ಪ್ಲೇಆಫ್ ಬಿಟ್ಟು, ಅದು ಅವರ 895ನೇ ಗೋಲು. 894 ಗೋಲು ಹೊಡೆದಿದ್ದ ವೇಯ್ನ್ ಗ್ರೆಟ್ಸ್ಕಿ ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದರು. ಅವರೂ ಅಂದು ಅಲ್ಲೇ ಇದ್ದರು, ಬಂದು ಅಭಿನಂದಿಸಿದರು. ಗ್ರೆಟ್ಸ್ಕಿ ಆ ಲೀಗ್‌ನಲ್ಲಿ, ಪ್ಲೇಆಫ್ ಬಿಟ್ಟು, ಆಡಿದ ಒಟ್ಟು ಪಂದ್ಯ 1,487. ಒವೆಚ್ಕಿನ್‌ಗೆ ಅದು 1,487ನೇ ಪಂದ್ಯ. ಇದರಲ್ಲಿ ವಿಶೇಷ ಅರ್ಥವೇನೂ ಇಲ್ಲ, ಆದರೂ ಹೇಳದೆ ಇರೋಕೆ ಆಗಲಿಲ್ಲ.

ಸನ್ಮಾನ ಮುಗಿಯಿತು, ಆಟ ಮುಂದುವರಿಯಿತು. ಕೊನೆಗೆ ಕ್ಯಾಪಿಟಲ್ಸ್ 4-1ರಲ್ಲಿ ಸೋತಿತು.

ಹಾಕಿ ಅಂದರೆ ನಮಗೆ ನೆನಪಾಗುವುದು ಕೊಡಗು, ಹಸಿರು ಮೈದಾನ, ಬಿಳಿ ಚೆಂಡು. ಉತ್ತರ ಅಮೆರಿಕದಲ್ಲಿ ಹಾಕಿ ಅಂದರೆ ಮಂಜುಗಡ್ಡೆಯ ಮೇಲಿನ ಆಟ. ಚೆಂಡಿನ ಬದಲು ಪಕ್ ಎನ್ನುವ ಕರಿ ರಬ್ಬರಿನ ಬಿಲ್ಲೆ. ಒಂದು ಕಡೆಗೆ ಐದು ಜನ ಮತ್ತು ಒಬ್ಬ ಗೋಲ್‌ಕೀಪರ್. ಅಮೆರಿಕ, ಕೆನಡಾದ 32 ತಂಡಗಳು ಸೇರಿ ಎನ್‌ಎಚ್‌ಎಲ್. ಪ್ರತಿ ತಂಡಕ್ಕೂ ಸೀಸನ್‌ನಲ್ಲಿ 82 ಪಂದ್ಯ. ಆಮೇಲೆ 16 ತಂಡಗಳ ಪ್ಲೇಆಫ್. ಅಲ್ಲಿ ನಾಲ್ಕು ಸುತ್ತು, ಒಂದೊಂದು ಸುತ್ತಿನಲ್ಲೂ ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ನಾಲ್ಕೂ ಸುತ್ತು ಗೆದ್ದವರಿಗೆ ಸ್ಟ್ಯಾನ್ಲಿ ಕಪ್.

ಈಗ ಜಗಳಕ್ಕೆ ಬರೋಣ. ಯಾರಾದರೂ ಒಬ್ಬ ಆಟಗಾರನನ್ನು ಹೊಗಳಿದರೆ ಸಾಕು, ಪಕ್ಕದಲ್ಲಿದ್ದವರು ಕೇಳುತ್ತಾರೆ: "ಕಪ್ ಎಷ್ಟು?" ಒವೆಚ್ಕಿನ್‌ಗೆ 20 ಸೀಸನ್‌ನಲ್ಲಿ ಒಂದೇ ಒಂದು, 2018ರದ್ದು. ಗ್ರೆಟ್ಸ್ಕಿಗೆ ನಾಲ್ಕು. ಮಾರ್ಸೆಲ್ ಡಿಯೋನ್ 731 ಗೋಲು ಹೊಡೆದರೂ ಒಂದೂ ಸಿಗಲಿಲ್ಲ. ಅದೇ ಮಾಂಟ್ರಿಯಲ್‌ನ ಆನ್ರಿ ರಿಷಾರ್ ಹೊಡೆದ ಗೋಲು 358, ಡಿಯೋನ್‌ಗಿಂತ ಅರ್ಧಕ್ಕೂ ಕಡಿಮೆ. ಅವರ ಪಾಲಿಗೆ 11 ಕಪ್! ಹಾಗಾದರೆ ಆನ್ರಿ ದೊಡ್ಡ ಆಟಗಾರರೋ, ಡಿಯೋನ್ ದೊಡ್ಡವರೋ?

ಈ ಜಗಳ ಬೆಂಗಳೂರಿನವರಿಗೆ ಹೊಸದಲ್ಲ. 2016ರ ಐಪಿಎಲ್‌ನಲ್ಲಿ ವಿರಾಟ್ ಕೊಹ್ಲಿ 973 ರನ್ ಬಾರಿಸಿದರು. ಆರ್‌ಸಿಬಿ ಫೈನಲ್‌ನಲ್ಲಿ 8 ರನ್ನಿಗೆ ಸೋತಿತು. "ಈ ಸಲ ಕಪ್ ನಮ್ದೇ" ಅಂತ ಆಮೇಲೂ ಒಂಬತ್ತು ವರ್ಷ ಹೇಳಿಕೊಂಡೇ ಇರಬೇಕಾಯಿತು.

ನನ್ನ ಪ್ರಕಾರ ಗೋಲು ಮತ್ತು ಕಪ್ ಒಂದೇ ವಸ್ತುವನ್ನು ಅಳೆಯುವ ಎರಡು ತಕ್ಕಡಿಗಳಲ್ಲ. ಒಂದು ನಿಧಾನವಾಗಿ, ಇಪ್ಪತ್ತು ವರ್ಷ ತೂಗುವ ತಕ್ಕಡಿ. ಇನ್ನೊಂದು ಎರಡು ತಿಂಗಳು ಗಾಳಿಯಲ್ಲಿ ಹೊಯ್ದಾಡುವ ತಕ್ಕಡಿ. ಎಷ್ಟು ಹೊಯ್ದಾಡುತ್ತದೆ ಅಂತ ಲೆಕ್ಕ ಹಾಕಿಯೇ ನೋಡಬಹುದು.

ಒಂದು ಪಂದ್ಯದಲ್ಲಿ ಒಂದು ತಂಡ ಗೋಲಿನತ್ತ ಗುರಿಯಿಟ್ಟು ಹೊಡೆಯುವುದು ಸುಮಾರು 30 ಸಲ. ಅದರಲ್ಲಿ 27ನ್ನು ಗೋಲ್‌ಕೀಪರ್ ತಡೆಯುತ್ತಾನೆ. ಮೂರು ಒಳಗೆ ಹೋಗುತ್ತವೆ. ಈ ಮೂರು ಅನ್ನುವುದು ಸರಾಸರಿ ಅಷ್ಟೇ. ಒಂದು ದಿನ ಒಂದು, ಒಂದು ದಿನ ಐದು. ಪಕ್ ಯಾರದೋ ಮೊಣಕಾಲಿಗೆ ಬಡಿದು ಒಳಗೆ ಹೋಗಬಹುದು, ಕಂಬಕ್ಕೆ ಬಡಿದು ಹೊರಗೂ ಹೋಗಬಹುದು. ಇಂಥ ವಿರಳ ಘಟನೆಗಳು ಎಷ್ಟು ಏರಿಳಿಯುತ್ತವೆ ಅನ್ನುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಸೂತ್ರವಿದೆ: ಸರಾಸರಿಯ ವರ್ಗಮೂಲ. 3ರ ವರ್ಗಮೂಲ ಸುಮಾರು 1.7. ಎರಡೂ ತಂಡಗಳ ಏರಿಳಿತ ಸೇರಿದರೆ, ಗೋಲುಗಳ ಅಂತರ ಬರೀ ಅದೃಷ್ಟದಿಂದಲೇ ಸುಮಾರು 2.4ರಷ್ಟು ಆಚೀಚೆ ಆಗುತ್ತದೆ.

ಈಗ ಒಂದು ತಂಡ ನಿಜಕ್ಕೂ ಚೆನ್ನಾಗಿದೆ, ಪಂದ್ಯಕ್ಕೆ ಸರಾಸರಿ ಅರ್ಧ ಗೋಲು ಮುಂದಿದೆ ಅಂದುಕೊಳ್ಳಿ. 82 ಪಂದ್ಯಗಳಲ್ಲಿ ಅದು 41 ಗೋಲಿನ ಲಾಭ. ಅದೃಷ್ಟದ ಏರಿಳಿತ ಅಷ್ಟು ವೇಗವಾಗಿ ಬೆಳೆಯುವುದಿಲ್ಲ. 82ರ ವರ್ಗಮೂಲ ಸುಮಾರು 9, ಹಾಗಾಗಿ ಅದು 22 ಗೋಲಿನ ಆಸುಪಾಸಿಗೆ ನಿಲ್ಲುತ್ತದೆ. ಅಂದರೆ ಸೀಸನ್ ಮುಗಿಯುವಾಗ ಒಳ್ಳೆಯ ತಂಡ ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ಏಳು ಪಂದ್ಯಗಳ ಸರಣಿಯಲ್ಲಿ? ಲಾಭ ಮೂರೂವರೆ ಗೋಲು, ಏರಿಳಿತ ಆರೂವರೆ. ರೇಡಿಯೋದಲ್ಲಿ ಹಾಡಿಗಿಂತ ಗೊರಗೊರ ಸದ್ದೇ ಜಾಸ್ತಿ ಕೇಳಿದ ಹಾಗೆ.

ಒಂದು ತಂಡ ಎದುರಾಳಿಯನ್ನು 100ಕ್ಕೆ 55 ಸಲ ಸೋಲಿಸಬಲ್ಲದು ಅನ್ನೋಣ. ಏಳು ಪಂದ್ಯದ ಸರಣಿಯನ್ನು ಅದು ಗೆಲ್ಲುವ ಸಾಧ್ಯತೆ 61 ಪರ್ಸೆಂಟ್. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಕಪ್ ಬೇಕಾದರೆ ಇಂಥ ನಾಲ್ಕು ಸರಣಿ ಗೆಲ್ಲಬೇಕು. ಆಗ ಸಾಧ್ಯತೆ 14 ಪರ್ಸೆಂಟಿಗೆ ಇಳಿಯುತ್ತದೆ. ಪಂದ್ಯಕ್ಕೆ 60 ಪರ್ಸೆಂಟ್ ಗೆಲ್ಲುವ ಭಾರೀ ತಂಡಕ್ಕೂ ಕಪ್ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಇದು ಬರೀ ಕಾಗದದ ಲೆಕ್ಕವಲ್ಲ. ಮೈಕೆಲ್ ಲೋಪೆಜ್, ಗ್ರೆಗರಿ ಮ್ಯಾಥ್ಯೂಸ್ ಮತ್ತು ಬೆಂಜಮಿನ್ ಬಾಮರ್ ಎಂಬ ಸಂಖ್ಯಾಶಾಸ್ತ್ರಜ್ಞರು 2018ರಲ್ಲಿ ಅಮೆರಿಕದ ನಾಲ್ಕು ದೊಡ್ಡ ಲೀಗ್‌ಗಳನ್ನು ಹೋಲಿಸಿದರು. ಬ್ಯಾಸ್ಕೆಟ್‌ಬಾಲಿನ ಏಳು ಪಂದ್ಯದ ಸರಣಿಯಲ್ಲಿ ಒಳ್ಳೆಯ ತಂಡ ಗೆಲ್ಲುವಷ್ಟು ಖಾತ್ರಿಯಾಗಿ ಐಸ್ ಹಾಕಿಯಲ್ಲೂ ಗೆಲ್ಲಬೇಕಾದರೆ ಸರಣಿ ಎಷ್ಟು ಉದ್ದ ಇರಬೇಕು? ಅವರ ಲೆಕ್ಕದಲ್ಲಿ 51 ಪಂದ್ಯ.

2010ರ ಕ್ಯಾಪಿಟಲ್ಸ್ ಕಥೆ ಕೇಳಿ. ಆ ಸೀಸನ್‌ನಲ್ಲಿ ಇಡೀ ಲೀಗ್‌ಗೆ ಅದೇ ಮೊದಲು, 54 ಗೆಲುವು, 318 ಗೋಲು. ಒವೆಚ್ಕಿನ್ ಒಬ್ಬರೇ 50 ಹೊಡೆದಿದ್ದರು. ಮೊದಲ ಸುತ್ತಿನಲ್ಲಿ ಮಾಂಟ್ರಿಯಲ್ ಎದುರು 3-1 ಮುನ್ನಡೆ. ಇನ್ನೊಂದು ಗೆದ್ದರೆ ಮುಗಿಯಿತು. ಐದನೇ ಪಂದ್ಯ ಸೋತರು. ಆರನೇ ಪಂದ್ಯದಲ್ಲಿ ಕ್ಯಾಪಿಟಲ್ಸ್ 54 ಸಲ ಗುರಿಯಿಟ್ಟಿತು, ಮಾಂಟ್ರಿಯಲ್‌ನ ಗೋಲ್‌ಕೀಪರ್ ಯಾರೊಸ್ಲಾವ್ ಹಲಾಕ್ 53 ತಡೆದರು. ಏಳನೇ ಪಂದ್ಯವೂ ಹೋಯಿತು. ಎದುರಾಳಿ ಶಿಕ್ಷೆಯಿಂದ ಒಬ್ಬ ಆಟಗಾರನನ್ನು ಕಳೆದುಕೊಂಡಾಗ ಸಿಗುವ ಪವರ್ ಪ್ಲೇ ಕ್ಯಾಪಿಟಲ್ಸ್‌ನ ದೊಡ್ಡ ಅಸ್ತ್ರವಾಗಿತ್ತು. ಆ ಸರಣಿಯಲ್ಲಿ 33 ಪವರ್ ಪ್ಲೇ ಸಿಕ್ಕವು. ಬಂದ ಗೋಲು ಒಂದು. ಒತ್ತಡ ತಾಳಲಾರದವರು, ದೊಡ್ಡ ಪಂದ್ಯಕ್ಕೆ ಆಗದವರು ಅನ್ನುವ ಹಣೆಪಟ್ಟಿ ಆಮೇಲೆ ಎಷ್ಟೋ ವರ್ಷ ಒವೆಚ್ಕಿನ್ ಮತ್ತು ಅವರ ತಂಡಕ್ಕೆ ಅಂಟಿಕೊಂಡಿತ್ತು. ಎದುರುಗಡೆ ಒಬ್ಬ ಮನುಷ್ಯ 53 ಹೊಡೆತ ತಡೆದದ್ದಕ್ಕೆ ಇವರ ಗುಂಡಿಗೆಯ ಮೇಲೆ ಅನುಮಾನ!

ಅದೇ ಲೆಕ್ಕವನ್ನು ದಾಖಲೆಯ ಕಡೆ ತಿರುಗಿಸಿ. ಆ 895ನೇ ಗೋಲಿನ ಹೊತ್ತಿಗೆ ಒವೆಚ್ಕಿನ್ ಗುರಿಯಿಟ್ಟು ಹೊಡೆದದ್ದು ಸುಮಾರು 6,800 ಸಲ. ಹೆಚ್ಚುಕಡಿಮೆ 100ಕ್ಕೆ 13 ಒಳಗೆ ಹೋಗಿವೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಅದೃಷ್ಟ ಆಡಿಸಬಹುದಾದದ್ದು 28 ಗೋಲಿನ ಆಚೀಚೆ, ಅಂದರೆ ಮೂರು ಪರ್ಸೆಂಟ್. ಒಂದೇ ಸರಣಿಯಲ್ಲಾದರೆ ಅವರು ಹೊಡೆಯುವುದು 32 ಸಲ. ನಾಲ್ಕು ಗೋಲು ನಿರೀಕ್ಷಿಸಬಹುದು, ಎರಡೂ ಆಗಬಹುದು, ಆರೂ ಆಗಬಹುದು. ಎರಡಾದರೆ ಹೇಡಿ, ಆರಾದರೆ ಹೀರೋ. ಮನುಷ್ಯ ಮಾತ್ರ ಅವನೇ.

ಅದೃಷ್ಟವನ್ನು ಪಕ್ಕಕ್ಕಿಟ್ಟರೂ ಇನ್ನೊಂದು ತೊಡಕು ಉಳಿಯುತ್ತದೆ: ಗಡಿಯಾರ. ಐಸ್ ಹಾಕಿ ವಿಪರೀತ ದಣಿವಿನ ಆಟ. ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ, ಬೆಂಚಿಗೆ ಬಂದು ಕೂತು, ಮತ್ತೆ ಇಳಿಯಬೇಕು. ಇದಕ್ಕೆ ಶಿಫ್ಟ್ ಅನ್ನುತ್ತಾರೆ. ಎಂಥ ದೊಡ್ಡ ಫಾರ್ವರ್ಡ್ ಆದರೂ 60 ನಿಮಿಷದಲ್ಲಿ ಆಡುವುದು 20ರಿಂದ 22 ನಿಮಿಷ. ಉಳಿದ ಹೊತ್ತು ಅವನೂ ನಮ್ಮ ಹಾಗೆ ಪ್ರೇಕ್ಷಕನೇ. ಬ್ಯಾಸ್ಕೆಟ್‌ಬಾಲಿನ ತಾರೆ 48 ನಿಮಿಷದಲ್ಲಿ ಸುಮಾರು 36 ನಿಮಿಷ ಆಡುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಪ್ ಎಣಿಸಿ ಆಟಗಾರನನ್ನು ಅಳೆಯುವುದಕ್ಕೆ ಸ್ವಲ್ಪವಾದರೂ ಅರ್ಥವಿದೆ. ಇಲ್ಲಿ ಪೂರ್ತಿ 60 ನಿಮಿಷ ನಿಲ್ಲುವವನು ಗೋಲ್‌ಕೀಪರ್ ಮಾತ್ರ.

ಗ್ರೆಟ್ಸ್ಕಿಯ ವಿಷಯದಲ್ಲೇ ನೋಡಿ. 1981-82ರಲ್ಲಿ ಅವರು 92 ಗೋಲು ಹೊಡೆದರು. ಒಂದು ಸೀಸನ್‌ನಲ್ಲಿ ಅಷ್ಟು ಇವತ್ತಿಗೂ ಯಾರೂ ಹೊಡೆದಿಲ್ಲ. ಆ ವರ್ಷ ಅವರ ತಂಡ, ಕೆನಡಾದ ಎಡ್ಮಂಟನ್, ಮೊದಲ ಸುತ್ತಿನಲ್ಲೇ ಲಾಸ್ ಏಂಜಲಿಸ್ ಎದುರು ಮನೆಗೆ ಹೋಯಿತು. ಅದರಲ್ಲೊಂದು ಪಂದ್ಯದಲ್ಲಿ 5-0 ಮುಂದಿದ್ದು 6-5ಕ್ಕೆ ಸೋತಿತ್ತು. ಆಮೇಲೆ ನಾಲ್ಕು ಕಪ್ ಬಂದವು, ನಿಜ. 1988ರ ಆಗಸ್ಟ್‌ನಲ್ಲಿ ಎಡ್ಮಂಟನ್ ಅವರನ್ನು ಅದೇ ಲಾಸ್ ಏಂಜಲಿಸ್‌ಗೆ ಬಿಟ್ಟುಕೊಟ್ಟಿತು. ಕೆನಡಾ ಪೂರ್ತಿ ಗೋಳಾಡಿತು. 1989-90ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವಾದ ಪಾಸು, ಅಂದರೆ ಅಸಿಸ್ಟ್, ಎರಡೂ ಸೇರಿ) ಗಳಿಸಿದವರು ಗ್ರೆಟ್ಸ್ಕಿ. ಕಪ್ ಗೆದ್ದವರು? ಗ್ರೆಟ್ಸ್ಕಿ ಇಲ್ಲದ ಎಡ್ಮಂಟನ್! ದಾರಿಯಲ್ಲಿ ಗ್ರೆಟ್ಸ್ಕಿಯ ಹೊಸ ತಂಡವನ್ನೇ 4-0ಯಿಂದ ಮುಗಿಸಿ ಹೋಗಿದ್ದರು.

ಹಾಗಂತ ದಾಖಲೆ ಒಬ್ಬರದ್ದೇ ಸೊತ್ತು ಅನ್ನುವ ಹಾಗೂ ಇಲ್ಲ. ಒವೆಚ್ಕಿನ್ ಪವರ್ ಪ್ಲೇಯಲ್ಲಿ, ಮಂಜುಗಡ್ಡೆಯ ಮೇಲೆ ಬರೆದಿರುವ ಎಡಗಡೆಯ ವೃತ್ತದ ಹತ್ತಿರ ನಿಂತು ಕಾಯುತ್ತಾರೆ. ಅಭಿಮಾನಿಗಳು ಆ ಜಾಗಕ್ಕೆ ಅವರ ಆಫೀಸು ಅಂತಲೇ ಹೆಸರಿಟ್ಟಿದ್ದಾರೆ. ಆದರೆ ಆಫೀಸಿಗೆ ಟಪಾಲು ಯಾರಾದರೂ ತಂದು ಕೊಡಬೇಕಲ್ಲ. ನಿಕ್ಲಾಸ್ ಬ್ಯಾಕ್‌ಸ್ಟ್ರೋಮ್ ಒಬ್ಬರೇ 270ಕ್ಕೂ ಹೆಚ್ಚು ಗೋಲುಗಳಿಗೆ ಪಾಸ್ ಕೊಟ್ಟು ನೆರವಾಗಿದ್ದಾರೆ. 895ನೆಯದು ಬಂದದ್ದೂ ಪವರ್ ಪ್ಲೇಯಲ್ಲೇ, ಟಾಮ್ ವಿಲ್ಸನ್ ಕೊಟ್ಟ ಪಾಸಿನಲ್ಲಿ, ಅದೇ ಎಡಗಡೆಯಿಂದ.

ಕಾಲದ ಪಾಲೂ ಇದೆ. ಗ್ರೆಟ್ಸ್ಕಿ 92 ಹೊಡೆದ ಸೀಸನ್‌ನಲ್ಲಿ ಪಂದ್ಯಕ್ಕೆ ಎರಡೂ ತಂಡ ಸೇರಿ ಸರಾಸರಿ ಎಂಟು ಗೋಲು ಬರುತ್ತಿದ್ದವು. ಒವೆಚ್ಕಿನ್ ಕಾಲಕ್ಕೆ ಅದು ಆರರ ಆಸುಪಾಸಿಗೆ ಇಳಿದಿತ್ತು. ಗೋಲ್‌ಕೀಪರ್‌ಗಳು ಮೊಣಕಾಲೂರಿ ಕಾಲು ಎರಡೂ ಕಡೆ ಚಾಚಿ ಕೆಳಭಾಗ ಮುಚ್ಚುವುದನ್ನು ಕಲಿತಿದ್ದರು, ಕವಚಗಳೂ ಉಬ್ಬಿದ್ದವು. ಹಾಗಾಗಿ ಒವೆಚ್ಕಿನ್‌ರ 895 ಗ್ರೆಟ್ಸ್ಕಿಯ 894ಕ್ಕಿಂತ ಒಂದೇ ಒಂದು ಗೋಲು ದೊಡ್ಡದು ಅಂತ ನನಗೆ ಅನ್ನಿಸುವುದಿಲ್ಲ. ಜಾಸ್ತಿಯೇ ದೊಡ್ಡದು. ಗ್ರೆಟ್ಸ್ಕಿ ಅಭಿಮಾನಿಗಳು ಕ್ಷಮಿಸಲಿ. ಅವರಿಗೆ ಹೇಗೂ 1,963 ಅಸಿಸ್ಟ್‌ಗಳಿವೆ. ಬೇರೆ ಯಾರ ಗೋಲು, ಅಸಿಸ್ಟ್ ಎರಡನ್ನೂ ಕೂಡಿಸಿದರೂ ಅಷ್ಟಾಗುವುದಿಲ್ಲ.

ಇನ್ನು ಆನ್ರಿ ರಿಷಾರ್ ಅವರ 11 ಕಪ್. ಅವರು ಆಡಿದ್ದು 1955ರಿಂದ 1975ರವರೆಗೆ 20 ಸೀಸನ್. 1967ರವರೆಗೆ ಲೀಗ್‌ನಲ್ಲಿ ಇದ್ದದ್ದೇ ಆರು ತಂಡ. ಚೀಟಿ ಎತ್ತಿ ಕಪ್ ಕೊಟ್ಟರೂ ಆರು ವರ್ಷಕ್ಕೊಮ್ಮೆ ನಿಮ್ಮ ಹೆಸರು ಬರುತ್ತದೆ. ಆರೇ ತಂಡಗಳ ಲೀಗ್‌ನಲ್ಲಿ 20 ವರ್ಷ ಚೀಟಿ ಎತ್ತಿದರೆ ಒಂದೂ ಸಿಗದೆ ಹೋಗುವ ಸಾಧ್ಯತೆ 3 ಪರ್ಸೆಂಟಿಗೂ ಕಡಿಮೆ. 32 ತಂಡಗಳಲ್ಲಿ ಎತ್ತಿದರೆ? 53 ಪರ್ಸೆಂಟ್. ಅಂದರೆ ಇವತ್ತು ಎಲ್ಲ ತಂಡವೂ ಸಮಸಮ ಇದ್ದರೂ, ಇಪ್ಪತ್ತು ವರ್ಷ ಆಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರಿಗೈಯಲ್ಲೇ ಮನೆಗೆ ಹೋಗುತ್ತಾರೆ. ಆನ್ರಿ ಇದ್ದದ್ದು ಸಮಸಮ ಇರದ, ಅದ್ಭುತವಾದ ತಂಡದಲ್ಲಿ ಅನ್ನುವುದೂ ನಿಜ. ಆದರೂ ಅವರ 11ನ್ನು ಒವೆಚ್ಕಿನ್‌ರ 1ರ ಪಕ್ಕ ಇಟ್ಟು ತೂಗುವುದು ಅಜ್ಜನ ಕಾಲದ ಒಂದು ರೂಪಾಯಿಯನ್ನು ಇವತ್ತಿನ ಒಂದು ರೂಪಾಯಿಯ ಪಕ್ಕ ಇಟ್ಟ ಹಾಗೆ.

ಹಾಕಿ ಮಂದಿ ಒಂದು ಶಾಪದ ಕಥೆಯನ್ನೂ ಕಟ್ಟಬಹುದು. ಸೀಸನ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಆರ್ಟ್ ರಾಸ್ ಟ್ರೋಫಿ ಕೊಡುತ್ತಾರೆ. 2009ರಲ್ಲಿ ಪಿಟ್ಸ್‌ಬರ್ಗ್‌ನ ಎವ್ಗೆನಿ ಮಾಲ್ಕಿನ್ ಅದನ್ನೂ ಕಪ್ಪನ್ನೂ ಒಟ್ಟಿಗೆ ಗೆದ್ದರು. 2010ರಿಂದ 2025ರವರೆಗಿನ 16 ಸೀಸನ್‌ಗಳಲ್ಲಿ ಆ ಟ್ರೋಫಿ ಗೆದ್ದ ಒಬ್ಬರಿಗೂ ಅದೇ ವರ್ಷ ಕಪ್ ಸಿಗಲಿಲ್ಲ. ಭಯವಾಗುತ್ತದೆ ಅಲ್ವಾ? ಅಂಥ ತಾರೆಯ ತಂಡಕ್ಕೆ ಕಪ್ ಸಿಗುವ ಸಾಧ್ಯತೆ 10 ಪರ್ಸೆಂಟ್ ಅಂತ ಧಾರಾಳವಾಗಿಯೇ ಕೊಡಿ, ಸರಾಸರಿ ತಂಡದ ಮೂರು ಪಟ್ಟು. ಆಗಲೂ 16 ವರ್ಷ ಸತತ ತಪ್ಪಿಹೋಗುವ ಸಾಧ್ಯತೆ ಸುಮಾರು 19 ಪರ್ಸೆಂಟ್. ಐದು ಸಲಕ್ಕೊಮ್ಮೆ ಆಗುವಂಥದ್ದು. ಶಾಪ ಬೇಕಿಲ್ಲ. ಸ್ವಲ್ಪ ಮಟ್ಟಿಗೆ ದುಡ್ಡೂ ಕಾರಣ ಇರಬಹುದು. 2005ರಿಂದ ಪ್ರತಿ ತಂಡದ ಸಂಬಳಕ್ಕೂ ಮಿತಿ ಇದೆ. 2024-25ರಲ್ಲಿ ಆ ಮಿತಿ 8.8 ಕೋಟಿ ಡಾಲರ್. ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್ ಒಬ್ಬರಿಗೇ 1.25 ಕೋಟಿ. ತಾರೆಗೆ ಕೊಟ್ಟ ಮೇಲೆ ಮಿಕ್ಕವರಿಗೆ ಉಳಿಯುವುದು ಅಷ್ಟಕ್ಕಷ್ಟೇ.

ಇಷ್ಟೆಲ್ಲ ಲೆಕ್ಕವನ್ನು ಆಟಗಾರರ ಮುಂದಿಟ್ಟರೆ ಅವರು ನಕ್ಕುಬಿಟ್ಟಾರು. ಅವರಿಗೆ ಬೇಕಾದದ್ದು ಕಪ್ಪೇ. 2024ರಲ್ಲಿ ಮೆಕ್‌ಡೇವಿಡ್ ಪ್ಲೇಆಫ್‌ನಲ್ಲಿ 42 ಪಾಯಿಂಟ್ ಗಳಿಸಿದರು. ಫೈನಲ್‌ನ ಏಳನೇ ಪಂದ್ಯ ಫ್ಲಾರಿಡಾ ಪಾಲಾಯಿತು. ಸೋತ ತಂಡದವರಾದರೂ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅಂತ ಮೆಕ್‌ಡೇವಿಡ್ ಹೆಸರನ್ನೇ ಕರೆದರು. ಟ್ರೋಫಿ ತೆಗೆದುಕೊಳ್ಳಲು ಅವರು ಒಳಗಿಂದ ಬರಲೇ ಇಲ್ಲ.

ಸ್ಟ್ಯಾನ್ಲಿ ಕಪ್ಪಿನ ಮೇಲೆ ಗೆದ್ದವರ ಹೆಸರು ಕೆತ್ತುತ್ತಾರೆ. ಕೆಳಭಾಗದಲ್ಲಿ ಬೆಳ್ಳಿಯ ಪಟ್ಟಿಗಳಿವೆ, ಒಂದೊಂದರಲ್ಲೂ ಸಾಮಾನ್ಯವಾಗಿ 13 ವರ್ಷದ ಹೆಸರುಗಳು. ಎಲ್ಲವೂ ತುಂಬಿದಾಗ ತೀರಾ ಹಳೆಯ ಪಟ್ಟಿಯನ್ನು ಬಿಚ್ಚಿ, ಹೊಸದಕ್ಕೆ ಜಾಗ ಮಾಡುತ್ತಾರೆ. 2018ರಲ್ಲಿ ಒವೆಚ್ಕಿನ್ ತಂಡ ಗೆದ್ದಾಗ ಜಾಗ ಮುಗಿದಿತ್ತು. ಆಗ ಬಿಚ್ಚಿದ್ದು 1954ರಿಂದ 1965ರವರೆಗಿನ ಪಟ್ಟಿ. ಅದರಲ್ಲಿ ಆನ್ರಿಯ ಅಣ್ಣ ಮೊರಿಸ್ ರಿಷಾರ್ ಹೆಸರಿತ್ತು, ರಾಕೆಟ್ ಅಂತ ಕರೆಸಿಕೊಂಡಿದ್ದ, 50 ಪಂದ್ಯದಲ್ಲಿ 50 ಗೋಲು ಹೊಡೆದ ಮೊದಲಿಗ. ಎಂಟು ಕಪ್ ಗೆದ್ದವರ ಹೆಸರು ಈಗ ಊರೂರು ತಿರುಗುವ ಕಪ್ಪಿನ ಮೇಲೆ ಎಲ್ಲೂ ಇಲ್ಲ. ಆ ಪಟ್ಟಿ ಟೊರಾಂಟೊದ ಹಾಕಿ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಸೀಸನ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಟ್ರೋಫಿಗೆ ಮಾತ್ರ ಇವತ್ತಿಗೂ ರಾಕೆಟ್ ರಿಷಾರ್ ಹೆಸರೇ. ಒವೆಚ್ಕಿನ್ ಅದನ್ನು ಒಂಬತ್ತು ಸಲ ಗೆದ್ದಿದ್ದಾರೆ.